ವಿಂಡೋಸ್ ಬದಲಾದ ಮೇಲೆ ಕನ್ನಡ ಮೂಡುತ್ತಿಲ್ಲವೇ? ಐದು ಕೀಲಿ ಒತ್ತಿ ನೋಡಿ

ಆಲ್ದೂರಿನಂಥ ಊರುಗಳಲ್ಲಿ ಅರ್ಜಿ, ತೋಟದ ಲೆಕ್ಕ, ಸಂಘದ ನಡಾವಳಿ ಎಲ್ಲವೂ ಒಂದೇ ಹಳೆಯ ಕಂಪ್ಯೂಟರಿನಲ್ಲಿ ಇರುವುದು ಸಾಮಾನ್ಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಕಾರಣ ಹಲವರು ವಿಂಡೋಸ್ 11ಕ್ಕೆ ಹೋಗುತ್ತಿದ್ದಾರೆ. ಆಮೇಲೆ ಕನ್ನಡ ಟೈಪ್ ಆಗದಿದ್ದರೆ 'ವೈರಸ್ ಬಂದಿದೆ, ಫೈಲೆಲ್ಲ ಹೋಯಿತು, ಫಾರ್ಮ್ಯಾಟ್ ಮಾಡಿಸಿ' ಎಂಬ ಸಲಹೆ ಬರುತ್ತದೆ. ಇದು ನಿಜವೇ? ಬಹುತೇಕ ಸಂದರ್ಭಗಳಲ್ಲಿ ಅಲ್ಲ. ಫಾರ್ಮ್ಯಾಟ್ ಮಾಡಿದರೆ ಮಾತ್ರ ಫೈಲು ನಿಜಕ್ಕೂ ಹೋಗುತ್ತದೆ.

ಕೀಲಿಗೂ ಅಕ್ಷರಕ್ಕೂ ನಡುವೆ ಯಾರಿದ್ದಾರೆ?

ಕನ್ನಡ ಗಣಕ ಪರಿಷತ್ತಿನ 'ನುಡಿ'ಯಲ್ಲಿ ಬಳಕೆಯಾಗುವುದು ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ. ಅದರಲ್ಲಿ 'ಕನ್ನಡ' ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂಬ ಐದು ಕೀಲಿ ಸಾಕು. ಇಂಥ ತಂತ್ರಾಂಶಗಳು ಸಾಮಾನ್ಯವಾಗಿ ಹಿನ್ನೆಲೆಯಲ್ಲಿ ಕೂತು, ನೀವು ಒತ್ತಿದ ಕೀಲಿಯನ್ನು ತಡೆದು, ಅದರ ಬದಲು ಕನ್ನಡದ ಸಂಕೇತವನ್ನು ಕಳಿಸುತ್ತವೆ. ವಿಂಡೋಸ್ ಬದಲಾದಾಗ ತೊಡಕಾಗುವುದು ಹೆಚ್ಚಾಗಿ ಈ ನಡುವಿನ ಕೆಲಸಕ್ಕೆ.

ನೋಟ್‌ಪ್ಯಾಡ್ ತೆರೆದು ಆ ಐದು ಕೀಲಿ ಒತ್ತಿ. ಏನು ಮೂಡಿತು?

1. 'ಕನ್ನಡ' ಮೂಡಿತು: ತಂತ್ರಾಂಶ ಸರಿಯಿದೆ. ಬೇರೊಂದು ಪ್ರೋಗ್ರಾಂನಲ್ಲಿ ಮಾತ್ರ ಬರುತ್ತಿಲ್ಲವೆಂದರೆ ಅದು ಅಡ್ಮಿನಿಸ್ಟ್ರೇಟರ್ ಆಗಿ ತೆರೆದಿದೆಯೇ ನೋಡಿ. ವಿಂಡೋಸ್ ವಿಸ್ಟಾದಿಂದೀಚೆಗೆ, ಕಡಿಮೆ ಅಧಿಕಾರದ ಪ್ರೋಗ್ರಾಂ ಹೆಚ್ಚು ಅಧಿಕಾರದ್ದಕ್ಕೆ ಕೀಲಿ ಕಳಿಸುವಂತಿಲ್ಲ. ಎರಡನ್ನೂ ಸಾಮಾನ್ಯವಾಗಿಯೇ ತೆರೆಯಿರಿ.

2. ಐದು ಇಂಗ್ಲಿಷ್ ಅಕ್ಷರಗಳೇ ಮೂಡಿದವು: ತಂತ್ರಾಂಶ ಶುರುವಾಗಿಲ್ಲ, ಇಲ್ಲವೇ ಅದಕ್ಕೆ ಕೀಲಿ ಸಿಗುತ್ತಿಲ್ಲ. ಮುಚ್ಚಿ ಮತ್ತೆ ತೆರೆಯಿರಿ. ಆಗದಿದ್ದರೆ ಹೊಸ ಆವೃತ್ತಿ ಹಾಕಿ.

3. 'ಕಲಿಲೈ' ಎಂದು ಮೂಡಿತು: ವಿಂಡೋಸಿನದೇ ಕನ್ನಡ ಕೀಲಿಮಣೆ, ಅಂದರೆ ಇನ್‌ಸ್ಕ್ರಿಪ್ಟ್ ವಿನ್ಯಾಸ ಆಯ್ಕೆಯಾಗಿದೆ. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿ ಇಂಗ್ಲಿಷಿಗೆ ಬದಲಿಸಿ, ನಿಮ್ಮ ತಂತ್ರಾಂಶವನ್ನು ಚಾಲೂ ಮಾಡಿ.

4. ಅರ್ಥವಾಗದ ಚಿಹ್ನೆಗಳು ಮೂಡಿದವು: ತಂತ್ರಾಂಶ ಯೂನಿಕೋಡ್ ಬಿಟ್ಟು ಹಳೆಯ ಫಾಂಟಿನ ಕ್ರಮದಲ್ಲಿದೆ. ಅದರ ಸೆಟ್ಟಿಂಗ್‌ನಲ್ಲಿ ಯೂನಿಕೋಡ್ ಆರಿಸಿ.

ಸ್ವಲ್ಪ ಹೊತ್ತು ಬಂದು ಆಮೇಲೆ ನಿಂತರೆ?

ವಿಂಡೋಸ್ 7ರಿಂದ ಒಂದು ನಿಯಮವಿದೆ: ಕೀಲಿ ತಡೆಯುವ ಕೋಡ್ ನಿಗದಿತ ಸಮಯದಲ್ಲಿ ಉತ್ತರಿಸದಿದ್ದರೆ ವಿಂಡೋಸ್ ಅದನ್ನು ಸದ್ದಿಲ್ಲದೆ ಕೈಬಿಡಬಹುದು. ಪರದೆಯ ಮೇಲೆ ಯಾವ ಸೂಚನೆಯೂ ಬರುವುದಿಲ್ಲ. ಬಳಸುವವರು ತಂತ್ರಾಂಶವನ್ನು ಮತ್ತೆ ಶುರು ಮಾಡಬೇಕು. ಕೋಡ್ ಬರೆಯುವವರು ಆ ಭಾಗದಲ್ಲಿ ಫೈಲ್ ಓದುವಂಥ ನಿಧಾನದ ಕೆಲಸ ಇಡಬಾರದು.

ಹಳೆಯ ಫೈಲು ಓದಲಾಗದಿದ್ದರೆ?

ಇದು ಬೇರೆಯದೇ ತೊಂದರೆ. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟ್ ಹೊಸ ವಿಂಡೋಸಿನಲ್ಲಿ ಇಲ್ಲದಿದ್ದರೆ ಚಿಹ್ನೆಗಳಷ್ಟೇ ಕಾಣುತ್ತವೆ. ಬರಹ ಅಲ್ಲೇ ಇರುತ್ತದೆ. ಮೊದಲು ಫೈಲನ್ನು ಪೆನ್‌ಡ್ರೈವಿಗೆ ನಕಲು ಮಾಡಿ, ಹಳೆಯ ಫಾಂಟ್ ಹಾಕಿ ನೋಡಿ. ಯೂನಿಕೋಡ್ ಫಾಂಟ್ ಆರಿಸಿದ ಮಾತ್ರಕ್ಕೆ ಬರಹ ಬದಲಾಗುವುದಿಲ್ಲ. ಪರಿವರ್ತಕ ತಂತ್ರಾಂಶ ಬೇಕು. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನು ಮೂಲದ ಜೊತೆ ಹೋಲಿಸಿ. ಸರ್ವೆ ನಂಬರಿನ ಒಂದು ಅಂಕಿ ತಪ್ಪಿದರೂ ಅರ್ಜಿ ವಾಪಸ್ ಬಂದೀತು.

ಹಾಗಾಗಿ ಯಾರಾದರೂ 'ಫಾರ್ಮ್ಯಾಟ್ ಮಾಡಿಸಿ' ಎಂದರೆ, ಮೊದಲು ಫೈಲುಗಳ ನಕಲು ತೆಗೆದಿಡಿ. ಆಮೇಲೆ ಆ ಐದು ಕೀಲಿ ಒತ್ತಿ ನೋಡಿ.