ಸಭೆಯ ತಲೆ ಯಾರು: ಸ್ಕಾಟ್ಲೆಂಡಿನ 1843ರ ಒಡಕು

1841ರ ಜನವರಿ 21ರಂದು ಸ್ಕಾಟ್ಲೆಂಡಿನ ಈಶಾನ್ಯದ ಮಾರ್ನಾಕ್ ಗ್ರಾಮದಲ್ಲಿ ಹಿಮ ದಪ್ಪಗೆ ಬಿದ್ದಿತ್ತು. ಆದರೂ ಊರ ಚರ್ಚಿನೊಳಗೆ ಕಾಲಿಡಲು ಜಾಗವಿರಲಿಲ್ಲ. ಅಂದು ಜಾನ್ ಎಡ್ವರ್ಡ್ಸ್ ಎಂಬವರಿಗೆ ಅಲ್ಲಿನ ಸಭಾಪಾಲಕರಾಗಿ ದೀಕ್ಷೆ ಕೊಡುವುದಿತ್ತು. ಅವರನ್ನು ಬರಮಾಡಿಕೊಳ್ಳುವ ಪತ್ರಕ್ಕೆ ಇಡೀ ಊರಿನಲ್ಲಿ ಸಹಿ ಹಾಕಿದ್ದವನು ಒಬ್ಬನೇ, ತಂಗುಮನೆಯ ಮಾಲೀಕ. ಬೇಡವೆಂದವರು 300 ಕುಟುಂಬದ ಯಜಮಾನರಲ್ಲಿ 261 ಮಂದಿ. ವಿಧಿ ಶುರುವಾಗುವ ಮುನ್ನ ಊರವರ ಆಕ್ಷೇಪಣೆಯನ್ನು ಓದಲಾಯಿತು. ಓದಿ ಮುಗಿದ ಮೇಲೆ ಜನ ಎದ್ದರು. ಬೆಂಚುಗಳಲ್ಲಿ ಇಟ್ಟಿದ್ದ ತಮ್ಮ ತಮ್ಮ ಬೈಬಲ್ಲುಗಳನ್ನು ಎತ್ತಿಕೊಂಡು, ಮನೆಮಂದಿಯೊಂದಿಗೆ ವರ್ಷಗಟ್ಟಲೆ ಕೂತಿದ್ದ ಜಾಗವನ್ನು ಬಿಟ್ಟು ಹಿಮದೊಳಕ್ಕೆ ನಡೆದರು.

ಅವರಿಗೆ ಎಡ್ವರ್ಡ್ಸ್ ಬೇಡವಾಗಿದ್ದರು, ನಿಜ. ಆದರೆ ಅವರನ್ನು ಹಿಮಕ್ಕೆ ಇಳಿಸಿದ್ದು ಅದಕ್ಕಿಂತ ಹಳೆಯ, ಹೆಚ್ಚು ಆಳದ ಒಂದು ನಂಬಿಕೆ: ಸಭೆಗೆ ಕ್ರಿಸ್ತನೊಬ್ಬನೇ ತಲೆ. ಪ್ರಾರ್ಥನೆಯಲ್ಲಿ ಈ ಮಾತನ್ನು ಹೇಳುವುದು ಸುಲಭ. ಅದಕ್ಕೆ ಬೆಲೆ ಕಟ್ಟಬೇಕಾಗಿ ಬಂದಾಗ ಏನಾಗುತ್ತದೆ ಎನ್ನುವುದಕ್ಕೆ ಹತ್ತೊಂಬತ್ತನೆಯ ಶತಮಾನದ ಸ್ಕಾಟ್ಲೆಂಡಿನಷ್ಟು ಸ್ಪಷ್ಟವಾದ ಉದಾಹರಣೆ ಸಭೆಯ ಇತಿಹಾಸದಲ್ಲಿ ವಿರಳ.

ಈ ನಂಬಿಕೆಯ ಬೇರು ಪೌಲನ ಹೆಸರಿನಲ್ಲಿರುವ ಎಫೆಸ ಮತ್ತು ಕೊಲೊಸ್ಸೆಯವರ ಪತ್ರಿಕೆಗಳಲ್ಲಿದೆ. ಅಲ್ಲಿ ವಿಶ್ವಾಸಿಗಳ ಸಮೂಹ ಒಂದು ದೇಹ, ಕ್ರಿಸ್ತ ಅದರ ತಲೆ. ಆ ಸಮೂಹಕ್ಕೆ ಹೊಸ ಒಡಂಬಡಿಕೆಯ ಗ್ರೀಕ್ ಬಳಸುವ ಪದ ‘ಎಕ್ಲೇಸಿಯಾ’. ಗ್ರೀಕ್ ನಗರಗಳಲ್ಲಿ ಪೌರರು ಕೂಡಿ ಊರಿನ ವ್ಯವಹಾರ ತೀರ್ಮಾನಿಸುವ ಕೂಟಕ್ಕೂ ಅದೇ ಹೆಸರು. ಅಪೊಸ್ತಲರ ಕೃತ್ಯಗಳ 19ನೆಯ ಅಧ್ಯಾಯದಲ್ಲಿ ಎಫೆಸದ ಊರಕೂಟಕ್ಕೆ ಈ ಪದವೇ ಬಂದಿದೆ. ಕನ್ನಡ ಬೈಬಲ್ಲಿನ ಅನುವಾದಕರು ಇದಕ್ಕೆ ‘ಸಭೆ’ ಎಂದರು. ಎಷ್ಟು ಹದವಾದ ಆಯ್ಕೆ! ವಿಧಾನಸಭೆಯೂ ಸಭೆ, ಗ್ರಾಮಸಭೆಯೂ ಸಭೆ, ಕ್ರೈಸ್ತರು ಭಾನುವಾರ ಕೂಡುವುದೂ ಸಭೆ. ಸಭೆ ಎಂದ ಮೇಲೆ ಅದನ್ನು ಕರೆದವರು ಯಾರು, ಅಲ್ಲಿ ಯಾರ ಮಾತು ನಡೆಯುತ್ತದೆ ಎಂಬ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ.

ಇಂಗ್ಲೆಂಡಿನಲ್ಲಿ ಆ ಪ್ರಶ್ನೆಗೆ 1534ರಲ್ಲಿ ಕಾನೂನೇ ಉತ್ತರ ಕೊಟ್ಟಿತು. ಭೂಮಿಯ ಮೇಲೆ ಇಂಗ್ಲೆಂಡಿನ ಸಭೆಗೆ ಪರಮೋಚ್ಚ ತಲೆ ಎಂಟನೆಯ ಹೆನ್ರಿ ಎಂದು ಪಾರ್ಲಿಮೆಂಟು ಸಾರಿತು. ಇದನ್ನು ಒಪ್ಪದ ಬಿಷಪ್ ಜಾನ್ ಫಿಶರ್ ಮತ್ತು ಥಾಮಸ್ ಮೋರ್ 1535ರಲ್ಲಿ ತಲೆ ಕೊಟ್ಟರು. 1559ರಲ್ಲಿ ಮೊದಲನೆಯ ಎಲಿಜಬೆತ್ ಕಾಲದಲ್ಲಿ ಅದೇ ಅಧಿಕಾರ ಮರಳಿ ಬಂದಾಗ ಬಿರುದು ಬದಲಾಗಿತ್ತು. ‘ತಲೆ’ಯ ಬದಲು ‘ಪರಮೋಚ್ಚ ಆಡಳಿತಗಾರ್ತಿ’ ಎಂದಾಯಿತು. ಕ್ರಿಸ್ತನಿಗೆ ಸಲ್ಲಬೇಕಾದ ಹೆಸರನ್ನು ಮನುಷ್ಯರಿಗೆ ಹಚ್ಚಲು ಅಂದಿನ ಹಲವು ಮನಸ್ಸಾಕ್ಷಿಗಳು ಹಿಂಜರಿದವು ಎನ್ನುವುದಕ್ಕೆ ಈ ಒಂದು ಪದದ ತಿದ್ದುಪಡಿಯೇ ಸಾಕ್ಷಿ.

ಸ್ಕಾಟ್ಲೆಂಡಿನ ದಾರಿ ಬೇರೆಯಿತ್ತು. 1596ರಲ್ಲಿ ಫಾಕ್‌ಲ್ಯಾಂಡ್ ಅರಮನೆಯಲ್ಲಿ ಆಂಡ್ರ್ಯೂ ಮೆಲ್ವಿಲ್ ಎಂಬ ವಿದ್ವಾಂಸ ದೊರೆ ಆರನೆಯ ಜೇಮ್ಸ್‌ನ ಅಂಗಿಯ ತೋಳನ್ನೇ ಹಿಡಿದು, ಈ ನಾಡಿನಲ್ಲಿ ಇಬ್ಬರು ರಾಜರು, ಎರಡು ರಾಜ್ಯಗಳಿವೆ ಎಂದು ಹೇಳಿದ. ಕ್ರಿಸ್ತನ ರಾಜ್ಯವಾದ ಸಭೆಯಲ್ಲಿ ಜೇಮ್ಸ್ ದೊರೆಯೂ ಅಲ್ಲ, ಒಡೆಯನೂ ಅಲ್ಲ, ಎಲ್ಲರಂತೆ ಒಬ್ಬ ಸದಸ್ಯ ಎಂಬುದು ಅವನ ಮಾತಿನ ಸಾರ. ಜತೆಯಲ್ಲಿದ್ದ ಅಣ್ಣನ ಮಗ ಜೇಮ್ಸ್ ಮೆಲ್ವಿಲ್ ಇದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದರಿಂದ ಆ ದೃಶ್ಯ ಉಳಿಯಿತು. ದೊರೆಯೂ ಮರೆಯಲಿಲ್ಲ. ಮುಂದೆ ಇಂಗ್ಲೆಂಡಿನ ಸಿಂಹಾಸನವೂ ಕೈಗೆ ಬಂದ ಮೇಲೆ ಮೆಲ್ವಿಲ್‌ನನ್ನು ಲಂಡನ್ ಟವರ್‌ನಲ್ಲಿ ವರ್ಷಗಟ್ಟಲೆ ಸೆರೆಯಿಟ್ಟ. ಮೆಲ್ವಿಲ್ 1622ರಲ್ಲಿ ಫ್ರಾನ್ಸಿನ ಸೆಡಾನ್‌ನಲ್ಲಿ, ತಾಯ್ನಾಡಿನಿಂದ ದೂರದಲ್ಲೇ ತೀರಿಕೊಂಡ.

ಮಾರ್ನಾಕ್‌ನ ಜನ ಈ ಪರಂಪರೆಯ ಮಕ್ಕಳು. ಅವರ ಸಂಕಟಕ್ಕೆ ನೇರ ಕಾರಣ ರಾಣಿ ಆ್ಯನ್ ಕಾಲದ, 1712ರ ಪೋಷಕತ್ವ ಕಾಯಿದೆ. ಊರಿನ ಸಭಾಪಾಲಕ ಯಾರಾಗಬೇಕೆಂದು ಸೂಚಿಸುವ ಹಕ್ಕನ್ನು ಅದು ಜಮೀನ್ದಾರ ಪೋಷಕನಿಗೆ ಮರಳಿ ಕೊಟ್ಟಿತ್ತು. ಆ ಪೋಷಕ ಊರವರಂತೆ ಪ್ರೆಸ್ಬಿಟೇರಿಯನ್ ಪಂಥದವನಾಗಿರಬೇಕೆಂಬ ನಿಯಮವೂ ಇರಲಿಲ್ಲ. 1834ರಲ್ಲಿ ಸಭೆಯ ಮಹಾಸಭೆ, ಅಂದರೆ ಜನರಲ್ ಅಸೆಂಬ್ಲಿ, ಇದಕ್ಕೊಂದು ತಡೆ ಹಾಕಿತು. ಸಂಸ್ಕಾರದಲ್ಲಿ ಪಾಲ್ಗೊಳ್ಳುವ ಕುಟುಂಬದ ಯಜಮಾನರಲ್ಲಿ ಹೆಚ್ಚಿನವರು ಬೇಡವೆಂದರೆ ಆ ವ್ಯಕ್ತಿಯನ್ನು ತಿರಸ್ಕರಿಸಬೇಕು ಎಂಬ ನಿಯಮ ಅದು. ಯಜಮಾನರೆಂದರೆ ಗಂಡಸರು ಮಾತ್ರ. ಹಿಮದಲ್ಲಿ ನಡೆದ ಹೆಂಗಸರಿಗೆ ಆ ಹಕ್ಕೂ ಇರಲಿಲ್ಲ ಎಂಬುದನ್ನು ಇತಿಹಾಸಕಾರ ಮರೆಯಬಾರದು.

ಮೊದಲ ಪರೀಕ್ಷೆ ಎದುರಾದದ್ದು ಆಕ್ಟರಾರ್ಡರ್ ಊರಿನಲ್ಲಿ. ಕಿನೂಲ್ ಪ್ರಭು ಸೂಚಿಸಿದ ರಾಬರ್ಟ್ ಯಂಗ್ ಅವರನ್ನು 330 ಯಜಮಾನರಲ್ಲಿ 287 ಮಂದಿ ನಿರಾಕರಿಸಿದರು. ಪ್ರಭು ಮತ್ತು ಯಂಗ್ ನ್ಯಾಯಾಲಯಕ್ಕೆ ಹೋದರು. 1838ರಲ್ಲಿ ಎಡಿನ್‌ಬರೋದ ಕೋರ್ಟ್ ಆಫ್ ಸೆಷನ್ ಎಂಟಕ್ಕೆ ಐದು ಮತಗಳಿಂದ ಅವರ ಪರ ತೀರ್ಪು ಕೊಟ್ಟಿತು. ಮರುವರ್ಷ ಹೌಸ್ ಆಫ್ ಲಾರ್ಡ್ಸ್ ಅದನ್ನು ಎತ್ತಿಹಿಡಿಯಿತು. ಸಭೆಯನ್ನು ಸ್ಥಾಪಿಸಿದ್ದು ರಾಜ್ಯದ ಕಾನೂನು, ಆದ್ದರಿಂದ ಸಭೆ ಆ ಕಾನೂನಿನ ಮಿತಿಯೊಳಗೇ ಇರಬೇಕು ಎಂಬುದು ಬಹುಮತದ ತರ್ಕ. ಸಂಬಳ, ಮನೆ, ಜಮೀನುಗಳ ಮಟ್ಟಿಗೆ ನ್ಯಾಯಾಲಯದ ಮಾತು ನಡೆಯಲಿ ಎಂದು ಸಭೆಯ ನಾಯಕರು ಒಪ್ಪಿದರು. ಕುರಿಗಳಿಗೆ ಕುರುಬನನ್ನು ನೇಮಿಸುವುದು ಮಾತ್ರ ಕ್ರಿಸ್ತನು ತನ್ನ ಸಭೆಗೆ ಒಪ್ಪಿಸಿದ ಕೆಲಸ, ಅದನ್ನು ಯಾವ ನ್ಯಾಯಾಧೀಶನ ಕೈಗೂ ಕೊಡಲಾಗದು ಎಂದು ಪಟ್ಟು ಹಿಡಿದರು. ಸಾಮಾನ್ಯ ರೈತನಿಗೂ ಕಲ್ಲುಕುಟಿಗನಿಗೂ ಈ ವಾದ ಅರ್ಥವಾಗಿತ್ತು. ಕಲ್ಲುಕುಟಿಗನಾಗಿದ್ದು ಭೂವಿಜ್ಞಾನಿಯಾಗಿ ಬೆಳೆದ ಹ್ಯೂ ಮಿಲ್ಲರ್ ‘ದಿ ವಿಟ್ನೆಸ್’ ಪತ್ರಿಕೆಯ ಸಂಪಾದಕನಾಗಿ ಅದನ್ನು ಮನೆಮನೆಗೆ ಮುಟ್ಟಿಸಿದ್ದ.

1842ರಲ್ಲಿ ಮಹಾಸಭೆ ತನ್ನ ಹಕ್ಕಿನ ಮನವಿಯನ್ನು ಬರೆದು ಕಳಿಸಿತು. ಲಂಡನ್ ಒಪ್ಪಲಿಲ್ಲ.

ಹಾಗಾಗಿ 1843ರ ಮೇ 18, ಗುರುವಾರ. ಎಡಿನ್‌ಬರೋದ ಜಾರ್ಜ್ ಸ್ಟ್ರೀಟಿನ ಸೇಂಟ್ ಆಂಡ್ರ್ಯೂಸ್ ಚರ್ಚಿನಲ್ಲಿ ಮಹಾಸಭೆ ಕೂಡಿತ್ತು. ರಾಣಿ ವಿಕ್ಟೋರಿಯಾಳ ಪ್ರತಿನಿಧಿ ಹಾಜರಿದ್ದರು. ಮಹಾಸಭೆಯ ಅಧ್ಯಕ್ಷ, ಅಂದರೆ ಮಾಡರೇಟರ್, ಡೇವಿಡ್ ವೆಲ್ಶ್ ಪ್ರಾರ್ಥನೆ ಮಾಡಿದರು. ಕಲಾಪ ಶುರುಮಾಡುವ ಬದಲು ಒಂದು ಪ್ರತಿಭಟನಾ ಪತ್ರವನ್ನು ಓದಿ, ಮೇಜಿನ ಮೇಲಿಟ್ಟು, ರಾಜಪ್ರತಿನಿಧಿಗೆ ತಲೆಬಾಗಿಸಿ ಬಾಗಿಲ ಕಡೆ ನಡೆದರು. ಅವರ ಹಿಂದೆ ಥಾಮಸ್ ಚಾಮರ್ಸ್ ಎದ್ದರು. ಆ ಕಾಲದ ಸ್ಕಾಟ್ಲೆಂಡಿನ ಅತ್ಯಂತ ಹೆಸರಾಂತ ಬೋಧಕ ಅವರು. ಆಮೇಲೆ ಸಾಲು ಸಾಲಾಗಿ ಬೆಂಚುಗಳು ಬರಿದಾದವು. ಹೊರಗೆ ಕಾದಿದ್ದ ಜನಸಾಗರದ ನಡುವೆ ಅವರೆಲ್ಲ ಇಳಿಜಾರಿನ ಬೀದಿಯಲ್ಲಿ ಕ್ಯಾನನ್‌ಮಿಲ್ಸ್‌ನ ಟ್ಯಾನ್‌ಫೀಲ್ಡ್ ಹಾಲಿಗೆ ನಡೆದು, ಚಾಮರ್ಸ್ ಅವರನ್ನು ಮಾಡರೇಟರ್ ಆಗಿ ಆರಿಸಿ, ಸ್ವತಂತ್ರ ಸಭೆ, ಅಂದರೆ ಫ್ರೀ ಚರ್ಚ್ ಆಫ್ ಸ್ಕಾಟ್ಲೆಂಡ್ ಹುಟ್ಟಿತೆಂದು ಸಾರಿದರು. ಐದು ದಿನಗಳ ನಂತರ ರಾಜೀನಾಮೆಯ ದಸ್ತಾವೇಜಿಗೆ ಸಹಿಗಳು ಬಿದ್ದವು. ಒಟ್ಟಾರೆ ಹೊರಬಂದ ಸಭಾಪಾಲಕರು 474 ಎಂದು ಲೆಕ್ಕ. ಸುಮಾರು 1,200ರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು.

ಆ ಸಹಿಯ ಕ್ಷಣವನ್ನು ಚಿತ್ರಿಸಲು ಕಲಾವಿದ ಡೇವಿಡ್ ಆಕ್ಟೇವಿಯಸ್ ಹಿಲ್ ಮುಂದಾದ. ನೂರಾರು ಮುಖಗಳನ್ನು ಒಂದೊಂದಾಗಿ ಬರೆಯುವುದು ಹೇಗೆ? ವಿಜ್ಞಾನಿ ಡೇವಿಡ್ ಬ್ರೂಸ್ಟರ್ ಹೇಳಿದಂತೆ ರಾಬರ್ಟ್ ಆಡಮ್ಸನ್ ಜತೆ ಸೇರಿ, ಆಗಷ್ಟೇ ಹುಟ್ಟಿದ್ದ ಛಾಯಾಗ್ರಹಣದ ಮೊರೆಹೋದ. ಚಿತ್ರ ಮುಗಿದದ್ದು 1866ರಲ್ಲಿ, ಅದರಲ್ಲಿ 457 ಮುಖಗಳು. ಛಾಯಾಗ್ರಹಣದ ಚರಿತ್ರೆ ಬರೆಯುವವರು ಇಂದಿಗೂ ಈ ಸಭಾಪಾಲಕರ ಮುಖಗಳಿಂದಲೇ ಒಂದು ಅಧ್ಯಾಯ ತೆರೆಯುತ್ತಾರೆ.

ಸಹಿ ಹಾಕಿದವರಿಗೆ ಸಂಬಳ ಹೋಯಿತು, ಮನೆ ಹೋಯಿತು, ಸಭೆಯ ಉಂಬಳಿ ಜಮೀನು ಹೋಯಿತು. ಅವರೊಂದಿಗೆ ಬಂದ ಶಾಲಾಮಾಸ್ತರರ ಕೆಲಸವೂ ಹೋಯಿತು. ಚಾಮರ್ಸ್ ಇದಕ್ಕೆ ಮೊದಲೇ ಒಂದು ಯೋಜನೆ ಹೂಡಿದ್ದರು. ಪ್ರತಿ ಸದಸ್ಯನಿಂದ ವಾರಕ್ಕೊಂದು ಪೆನ್ನಿ. ಎಲ್ಲ ಊರುಗಳ ಹಣವೂ ಒಂದೇ ನಿಧಿಗೆ. ಅಲ್ಲಿಂದ ಎಲ್ಲ ಪಾಲಕರಿಗೂ ಸಮಪಾಲು. ಗ್ಲಾಸ್ಗೋದ ವ್ಯಾಪಾರಿಯ ಕಾಣಿಕೆಯಲ್ಲಿ ದ್ವೀಪದ ಮೀನುಗಾರರ ಪಾಲಕನೂ ಬದುಕುವ ಏರ್ಪಾಡು ಅದು. ಕ್ರಿಸ್ತನ ಅಧಿಕಾರ ಎಂಬ ದೊಡ್ಡ ಮಾತು ಸಾಮಾನ್ಯ ವಿಶ್ವಾಸಿಯ ಕೈಗೆ ಬಂದದ್ದು ಆ ಪೆನ್ನಿಯ ರೂಪದಲ್ಲಿ. ಪೋಷಕ ಬೇಡ ಎಂದವರು ತಾವೇ ಪೋಷಿಸಬೇಕಾಯಿತು.

ಜಮೀನ್ದಾರರು ಸುಮ್ಮನಿರಲಿಲ್ಲ. ಹಲವೆಡೆ ಚರ್ಚು ಕಟ್ಟಲು ಒಂದಡಿ ನೆಲವನ್ನೂ ಕೊಡಲಿಲ್ಲ. ಡ್ಯೂಕ್ ಆಫ್ ಬಕ್ಲೂ ಒಡೆತನದ ಕ್ಯಾನನ್‌ಬಿಯಲ್ಲಿ ಜನ ರಸ್ತೆಯ ಮೇಲೆಯೇ ಆರಾಧನೆ ನಡೆಸಿದರು. ಪಶ್ಚಿಮ ಕರಾವಳಿಯ ಸ್ಟ್ರಾಂಟಿಯನ್‌ನಲ್ಲಿ ಸರ್ ಜೇಮ್ಸ್ ರಿಡೆಲ್ ಜಾಗ ನಿರಾಕರಿಸಿದಾಗ ಜನ ಕಂಡುಕೊಂಡ ಉಪಾಯ ಮರೆಯುವಂಥದ್ದಲ್ಲ. ನೆಲವೆಲ್ಲ ಜಮೀನ್ದಾರನದು, ಸಮುದ್ರ ಅವನದಲ್ಲವಲ್ಲ! ಕ್ಲೈಡ್ ನದಿಯ ದಂಡೆಯಲ್ಲಿ ಕಬ್ಬಿಣದ ತೇಲುಚರ್ಚೊಂದನ್ನು ಕಟ್ಟಿಸಿ, 1846ರಲ್ಲಿ ಸೂನರ್ಟ್ ಎಂಬ ಕಡಲ ಕವಲಿಗೆ ಎಳೆತಂದು ಲಂಗರು ಹಾಕಿದರು. ಜನ ದೋಣಿಗಳಲ್ಲಿ ಬಂದು ಹತ್ತುತ್ತಿದ್ದರು. ನೂರು ಮಂದಿ ಹತ್ತಿದರೆ ಹಡಗು ಒಂದಂಗುಲ ಮುಳುಗುತ್ತದೆಂದೂ, ಯಾವ ಬೋಧಕನಿಗೆ ಎಷ್ಟು ಜನ ಬಂದರೆಂದು ನೀರಿನ ಗುರುತು ನೋಡಿಯೇ ಹೇಳಬಹುದಿತ್ತೆಂದೂ ಆ ಭಾಗದಲ್ಲಿ ಹೇಳುತ್ತ ಬಂದಿದ್ದಾರೆ.

ಸುದ್ದಿ ಹಡಗಿನಲ್ಲಿ ಭಾರತಕ್ಕೂ ಬಂತು. ಇಲ್ಲಿದ್ದ ಸ್ಕಾಟ್ಲೆಂಡ್ ಸಭೆಯ ಮಿಷನರಿಗಳೆಲ್ಲ ಸ್ವತಂತ್ರ ಸಭೆಯ ಕಡೆ ನಿಂತರು. ಕಲ್ಕತ್ತದ ಅಲೆಕ್ಸಾಂಡರ್ ಡಫ್ ತಾವೇ ಕಟ್ಟಿ ಬೆಳೆಸಿದ ಕಾಲೇಜು ಕಟ್ಟಡ, ಪುಸ್ತಕಗಳು, ಪ್ರಯೋಗದ ಉಪಕರಣಗಳನ್ನು ಬಿಟ್ಟುಕೊಟ್ಟು ಬೇರೆ ಕಡೆ ಮತ್ತೆ ಮೊದಲಿನಿಂದ ಶುರುಮಾಡಿದರು. ಮದ್ರಾಸಿನಲ್ಲಿ ಜಾನ್ ಆಂಡರ್ಸನ್ 1837ರಲ್ಲಿ ತೆರೆದಿದ್ದ ಶಾಲೆಯೂ ಸ್ವತಂತ್ರ ಸಭೆಯ ಪಾಲಾಯಿತು. ಅದೇ ಮುಂದೆ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಾಗಿ ಬೆಳೆಯಿತು.

ಇಷ್ಟೆಲ್ಲ ತ್ಯಾಗ ಮಾಡಿದವರು ಎಡವಿದ ಜಾಗವೊಂದಿದೆ. ಅದನ್ನು ಬಿಟ್ಟು ಈ ಕಥೆ ಹೇಳಿದರೆ ಅನ್ಯಾಯವಾಗುತ್ತದೆ. 1844ರಲ್ಲಿ ಸ್ವತಂತ್ರ ಸಭೆಯ ನಿಯೋಗವೊಂದು ಹಣ ಕೂಡಿಸಲು ಅಮೆರಿಕಕ್ಕೆ ಹೋಗಿ ಸುಮಾರು 3,000 ಪೌಂಡ್ ತಂದಿತು. ಅದರಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದವರ ಕಾಣಿಕೆಯೂ ಇತ್ತು. 1846ರಲ್ಲಿ ಸ್ಕಾಟ್ಲೆಂಡಿಗೆ ಬಂದ ಫ್ರೆಡರಿಕ್ ಡಗ್ಲಾಸ್ ಸ್ವತಃ ಗುಲಾಮಗಿರಿಯಿಂದ ತಪ್ಪಿಸಿಕೊಂಡವರು. ಆ ಹಣ ಹಿಂದಕ್ಕೆ ಹೋಗಲಿ ಎಂದು ಊರೂರಿನಲ್ಲಿ ಭಾಷಣ ಮಾಡಿದರು, ಎಡಿನ್‌ಬರೋದ ಗೋಡೆಗಳ ಮೇಲೂ ಆ ಕೂಗು ಕಾಣಿಸಿತು. ಗುಲಾಮಗಿರಿ ಎಂಬ ವ್ಯವಸ್ಥೆ ಬೇರೆ, ಅದರೊಳಗೆ ಸಿಕ್ಕಿರುವ ಒಬ್ಬ ಯಜಮಾನ ಬೇರೆ ಎಂದು ಚಾಮರ್ಸ್ ವಾದಿಸಿದರು. ಹಣ ಮರಳಲಿಲ್ಲ. ಸಭೆಗೆ ಬೇರೆ ಒಡೆಯರಿಲ್ಲ ಎಂದು ಮನೆಮಠ ಬಿಟ್ಟು ಬಂದವರು, ಮನುಷ್ಯರಿಗೇ ಒಡೆಯರಾಗಿದ್ದವರ ಮುಂದೆ ಮಾತು ತಗ್ಗಿಸಿದರು. ಕ್ರಿಸ್ತನ ಅಧಿಕಾರವನ್ನು ರಾಜರ ಎದುರು ಸಾರುವುದಕ್ಕಿಂತ ಕಾಣಿಕೆಪೆಟ್ಟಿಗೆಯ ಎದುರು ಸಾರುವುದು ಅವರಿಗೆ ಕಷ್ಟವಾಯಿತು. ಡಗ್ಲಾಸ್ ಕೇಳಿದ್ದು ಹೊಸ ಸಿದ್ಧಾಂತವನ್ನೇನೂ ಅಲ್ಲ. ಅವರ ಸಿದ್ಧಾಂತವನ್ನೇ ಅವರಿಗೆ ನೆನಪಿಸಿದ್ದರು.

ಇಂಥದೇ ಬೆಳಕು ಮತ್ತು ಕುರುಡು ಜರ್ಮನಿಯಲ್ಲೂ ಜತೆಯಾಗಿ ಕಂಡವು. ಹಿಟ್ಲರ್‌ನ ಆಡಳಿತ ಸಭೆಯನ್ನು ಹಿಡಿತಕ್ಕೆ ತೆಗೆದುಕೊಳ್ಳುತ್ತಿದ್ದಾಗ, 1934ರ ಮೇ ಕೊನೆಯಲ್ಲಿ ಬಾರ್ಮೆನ್‌ನಲ್ಲಿ ಕೂಡಿದ ಪ್ರಾಟೆಸ್ಟಂಟರು ಕ್ರಿಸ್ತನ ಹೊರತು ಬೇರೆ ನಾಯಕನ ಮಾತಿಗೆ ಸಭೆ ಅಧೀನವಲ್ಲ ಎಂದು ಘೋಷಿಸಿದರು. ಅದರ ಮುಖ್ಯ ಲೇಖಕ ಕಾರ್ಲ್ ಬಾರ್ತ್ ಮರುವರ್ಷ ಬಾನ್ ವಿಶ್ವವಿದ್ಯಾಲಯದ ಹುದ್ದೆ ಕಳೆದುಕೊಂಡರು. ಆದರೆ ಘೋಷಣೆಯಲ್ಲಿ ಯೆಹೂದ್ಯರ ಬಗ್ಗೆ ಒಂದು ಮಾತೂ ಇರಲಿಲ್ಲ. ಅದು ತಮ್ಮ ತಪ್ಪೆಂದು ಬಾರ್ತ್ ಕೊನೆಯ ವರ್ಷಗಳಲ್ಲಿ ಒಪ್ಪಿಕೊಂಡರು.

ಕರ್ನಾಟಕದ ಸಭೆಗಳಿಗೂ ಈ ಚರಿತ್ರೆ ದೂರದ್ದಲ್ಲ. ಭಾರತದ ಆಂಗ್ಲಿಕನ್ ಸಭೆ 1930ರವರೆಗೆ ಇಂಗ್ಲೆಂಡಿನ ಸಭೆಗೆ ಕಾನೂನಿನಿಂದ ಕಟ್ಟುಬಿದ್ದಿತ್ತು. ಆ ಗಂಟು ಬಿಚ್ಚಿದ ಮೇಲೆ, 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್ಲಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಹಿನ್ನೆಲೆಯವರು ಕೂಡಿ ದಕ್ಷಿಣ ಭಾರತ ಸಭೆಯಾದರು. ಮೈಸೂರು ಅದರ ಮೊದಲ ಧರ್ಮಪ್ರಾಂತ್ಯಗಳಲ್ಲಿ ಒಂದು. ಬಿಷಪ್ ಒಬ್ಬರಿದ್ದರೂ ಊರಿನ ಸಭೆಯ ಹಿರಿಯರು ಕೂತು ಲೆಕ್ಕಪತ್ರ ನೋಡುವ, ಆಯ್ಕೆಯಾದ ಪ್ರತಿನಿಧಿಗಳು ಸಿನೊಡ್‌ನಲ್ಲಿ ಮತ ಹಾಕುವ ಅಲ್ಲಿನ ಪದ್ಧತಿಗೆ ಪ್ರೆಸ್ಬಿಟೇರಿಯನ್ ಪರಂಪರೆಯ ಕೊಡುಗೆಯೂ ಇದೆ. ಬೆಂಗಳೂರಿನ ಕಬ್ಬನ್ ರಸ್ತೆಯಲ್ಲಿ 1860ರ ದಶಕದಲ್ಲಿ ಸ್ಕಾಟರು ಕಟ್ಟಿಕೊಂಡ ಸೇಂಟ್ ಆಂಡ್ರ್ಯೂಸ್ ಚರ್ಚು ಇಂದು ಇದೇ ಸಭೆಯದು.

ಸ್ಕಾಟ್ಲೆಂಡಿನಲ್ಲಿ ಪೋಷಕತ್ವ 1874ರಲ್ಲಿ ರದ್ದಾಯಿತು. 1921ರ ಕಾಯಿದೆಯಲ್ಲಿ ಪಾರ್ಲಿಮೆಂಟು, ಸಭೆಯ ಆಧ್ಯಾತ್ಮಿಕ ವಿಷಯಗಳಲ್ಲಿ ರಾಜ್ಯಕ್ಕೆ ಕೈಹಾಕುವ ಹಕ್ಕಿಲ್ಲವೆಂದು ಒಪ್ಪಿತು. ಒಡೆದುಹೋಗಿದ್ದವರಲ್ಲಿ ಬಹುಪಾಲು ಮಂದಿ 1929ರಲ್ಲಿ ಮತ್ತೆ ಒಂದಾದರು. ಅವರ ಮಹಾಸಭೆ ಈಗ ಕೂಡುವುದು ಎಡಿನ್‌ಬರೋದ ಮೌಂಡ್ ದಿಬ್ಬದ ಸಭಾಂಗಣದಲ್ಲಿ. ಅದು ಸ್ವತಂತ್ರ ಸಭೆ 1850ರ ದಶಕದ ಕೊನೆಗೆ ತನಗಾಗಿ ಕಟ್ಟಿಸಿಕೊಂಡ ಕಟ್ಟಡ. ಅಲ್ಲಿ ರಾಜಪ್ರತಿನಿಧಿ ಕೂರುವುದು ಮೇಲಿನ ಗ್ಯಾಲರಿಯಲ್ಲಿ, ಕೆಳಗಿನ ಕಲಾಪದಲ್ಲಿ ಅವರಿಗೆ ಮತವಿಲ್ಲ. 1999ರಲ್ಲಿ ಸ್ಕಾಟ್ಲೆಂಡಿನ ಹೊಸ ಪಾರ್ಲಿಮೆಂಟಿಗೆ ಸ್ವಂತ ಕಟ್ಟಡ ಇನ್ನೂ ಆಗಿರಲಿಲ್ಲ. ಹಾಗಾಗಿ 2004ರವರೆಗೆ ಅದು ಇದೇ ಸಭಾಂಗಣದಲ್ಲಿ ಕಲಾಪ ನಡೆಸಿತು. 2000ದ ಮೇ ತಿಂಗಳಲ್ಲಿ ಮಹಾಸಭೆ ಕೂಡುವ ಹೊತ್ತಾದಾಗ ಶಾಸಕರು ಜಾಗ ಬಿಟ್ಟುಕೊಟ್ಟು ಗ್ಲಾಸ್ಗೋದಲ್ಲಿ ಅಧಿವೇಶನ ನಡೆಸಿದರು.