ಘಟ್ಟದ ಬುಡದಲ್ಲಿ ಹೆಸರು ಬರೆಸುವ ರೂಢಿ

ನೀಲಗಿರಿ ಹತ್ತುವವರನ್ನು ಘಟ್ಟದ ಬುಡದಲ್ಲೇ ತಡೆದು ವಿಚಾರಿಸುವ ರೂಢಿ ಪ್ರವಾಸಿ ವಾಹನಗಳಿಗೆ 2024ರಲ್ಲಿ ಕಡ್ಡಾಯವಾದ ಇ-ಪಾಸ್‌ಗಿಂತ ಎಷ್ಟೋ ಹಳೆಯದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ ತೋಡರನ್ನು ಬೆದರಿಸಿ ನೀಲಾದ್ರಿಯನ್ನು ಗೆದ್ದನೆಂದು ಚಾಮರಾಜನಗರದ 1117ರ ಶಾಸನ ಹೇಳುತ್ತದೆ. ಮುಂದೆ ಮೋಯಾರು, ಭವಾನಿ ಕೂಡುವ ಕಡೆ ದಣ್ಣಾಯಕನಕೋಟೆ ಎದ್ದಿತು. ಬೆಟ್ಟದ ಮೇಲಿನ ಹಟ್ಟಿಗಳ ಕಂದಾಯದ ಲೆಕ್ಕ ಬಹುಕಾಲ ಆ ಸೀಮೆಗೇ ಸೇರಿತ್ತು. ಮೇಲಿನವರನ್ನು ಆಳಬೇಕಾದರೆ ಕೆಳಗಿನ ದಾರಿ ಹಿಡಿದು ಕೂರಬೇಕು ಎಂಬುದು ದಂಡನಾಯಕರಿಗೆ ಗೊತ್ತಿತ್ತು. ಕೋಟೆ ಈಗ ಭವಾನಿಸಾಗರ ಜಲಾಶಯದ ನೀರಿನಡಿ ಇದೆ.

ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಹತ್ತಿ ಬಂದ ಮೇಲೆ ದಾರಿಗಳು ಹೆಚ್ಚಿದವು. ರೈಲು 1899ರಲ್ಲಿ ಕೂನೂರಿಗೂ 1908ರಲ್ಲಿ ಉದಕಮಂಡಲಕ್ಕೂ ಬಂತು.

ಪ್ರಯಾಣಿಕನ ಹೆಸರು, ಊರು ಬರೆದುಕೊಳ್ಳುವ ಕಾಗದವೂ ಅದೇ ಕಾಲದ್ದು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಮದರಾಸು ಪ್ರಾಂತ್ಯದ ಸರ್ಕಾರ ಸೋಂಕಿನ ಊರುಗಳಿಂದ ಬರುವವರಿಗೆ ‘ಪ್ಲೇಗ್ ಪಾಸ್‌ಪೋರ್ಟ್’ ಕೊಡಲು ಶುರುಮಾಡಿತು. ಕೈಯಲ್ಲಿ ಚೀಟಿ ಹಿಡಿದವನು ತಲುಪಿದ ಊರಿನಲ್ಲಿ ಕೆಲವು ದಿನ ಅಧಿಕಾರಿಯ ಮುಂದೆ ಹಾಜರಾಗಬೇಕಿತ್ತು. ಜನರಿಗೆ ಇದು ಹಿಂಸೆಯಾಗಿತ್ತು, ನಿಜ. ಆದರೂ ಹೆಸರು ಯಾಕೆ ಬೇಕು ಎಂಬುದಕ್ಕೆ ಉತ್ತರವಿತ್ತು: ರೋಗ ಮನುಷ್ಯನ ಜೊತೆ ಪ್ರಯಾಣ ಮಾಡುತ್ತದೆ, ಆದ್ದರಿಂದ ಮನುಷ್ಯನನ್ನು ಹಿಂಬಾಲಿಸಬೇಕು. 2020ರ ಕೋವಿಡ್ ಕಾಲದ ಇ-ಪಾಸ್‌ಗೂ ಇದೇ ಸಮರ್ಥನೆ. ತಮಿಳುನಾಡು ಜಿಲ್ಲೆಯಿಂದ ಜಿಲ್ಲೆಗೆ ಹೋಗುವ ಪಾಸ್ ರದ್ದು ಮಾಡಿದ ಮೇಲೂ ನೀಲಗಿರಿಗೆ ಬರುವ ಪ್ರವಾಸಿಗರು ಅದನ್ನು ಪಡೆಯಬೇಕಿತ್ತು.

2024ರಲ್ಲಿ ಅದೇ ಹೆಸರಿನ ಪಾಸ್ ಮತ್ತೆ ಬಂತು. ಈ ಸಲ ಕಾರಣ ರೋಗವಲ್ಲ, ವಾಹನ. ಸೀಸನ್‌ನಲ್ಲಿ ದಿನಕ್ಕೆ 20,011 ವಾಹನ ಜಿಲ್ಲೆಗೆ ಬರುತ್ತವೆ ಎಂಬ ಲೆಕ್ಕ ಮದ್ರಾಸ್ ಹೈಕೋರ್ಟ್ ಮುಂದೆ ಬಂದಿತ್ತು: 11,509 ಕಾರು, 6,524 ದ್ವಿಚಕ್ರ, 1,341 ವ್ಯಾನ್, 637 ಬಸ್ಸು. ಅಂಕಿ ನೋಡಿ ಬೆಚ್ಚಿದ ನ್ಯಾಯಮೂರ್ತಿಗಳಾದ ಎನ್. ಸತೀಶ್ ಕುಮಾರ್ ಮತ್ತು ಡಿ. ಭರತ ಚಕ್ರವರ್ತಿ ಏಪ್ರಿಲ್ 29ರಂದು ಊಟಿ ಮತ್ತು ಕೊಡೈಕೆನಾಲ್‌ಗೆ ಇ-ಪಾಸ್ ಕಡ್ಡಾಯ ಮಾಡಿದರು. ಮೇ 7ರಿಂದ ಜಾರಿ. ಬೆಟ್ಟ ಎಷ್ಟು ಭಾರ ತಡೆಯುತ್ತದೆಂಬ ಅಧ್ಯಯನಕ್ಕೆ, ಅಂದರೆ ಐಐಟಿ ಮದ್ರಾಸ್ ಮತ್ತು ಬೆಂಗಳೂರಿನ ಐಐಎಂ ಕೈಗೆತ್ತಿಕೊಳ್ಳಬೇಕಿದ್ದ ಕೆಲಸಕ್ಕೆ, ಅಂಕಿಅಂಶ ಬೇಕಿತ್ತು. ಆಗ ಮಿತಿಯೇನೂ ಇರಲಿಲ್ಲ. ಕೇಳಿದವರಿಗೆಲ್ಲ ಪಾಸ್ ಸಿಗುತ್ತಿತ್ತು.

ಹಾಗಾದರೆ ಪಾಸ್ ಪಡೆಯಲು ಮೊಬೈಲ್ ನಂಬರು, ಓಟಿಪಿ ಯಾಕೆ? ವಾಹನ ಎಣಿಸಲು ಚೆಕ್‌ಪೋಸ್ಟಿನಲ್ಲಿ ಒಬ್ಬ ಎಣಿಸುವವನು ಸಾಕು, ಇಲ್ಲವೆ ಒಂದು ಕ್ಯಾಮೆರಾ ಸಾಕು. ಮೊದಲ ವರ್ಷದ ಪಾಸ್ ಕೇಳಿದ್ದು ಅದರ ಉದ್ದೇಶಕ್ಕಿಂತ ಹೆಚ್ಚು.

2025ರ ಮಾರ್ಚ್‌ನಲ್ಲಿ ಚಿತ್ರ ಬದಲಾಯಿತು. ಏಪ್ರಿಲ್‌ನಿಂದ ಜೂನ್‌ವರೆಗೆ ನೀಲಗಿರಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನ ಮಾತ್ರ ಎಂದು ಹೈಕೋರ್ಟ್ ಮಿತಿ ಹಾಕಿತು. ಏಪ್ರಿಲ್ 2ರಂದು ಜಿಲ್ಲೆಯ ವ್ಯಾಪಾರಿಗಳು ಅಂಗಡಿ ಮುಚ್ಚಿ ಬಂದ್ ಮಾಡಿದರು. ಸೀಸನ್‌ನ ಮೂರು ತಿಂಗಳ ಸಂಪಾದನೆಯಲ್ಲಿ ವರ್ಷ ತಳ್ಳುವ ಊರಿನ ಸಿಟ್ಟು ಅರ್ಥವಾಗುವಂಥದ್ದೇ. ಆದರೆ ಮಿತಿ ಬಂದ ಮೇಲೆ ಹೆಸರಿಗೂ ನಂಬರಿಗೂ ನೆಪ ಸಿಕ್ಕಿತು. ಎಣಿಕೆಗೆ ಹೆಸರು ಬೇಡ, ಪಾಲು ಹಂಚಿಕೆಗೆ ಬೇಕು. ಇಲ್ಲದಿದ್ದರೆ ಒಬ್ಬನೇ ಹತ್ತು ಪಾಸ್ ಬುಕ್ ಮಾಡಿ ಮಾರಿಯಾನು. ಸ್ಥಳೀಯ ವಾಹನಗಳಿಗೆ ವಿನಾಯಿತಿಯಿದೆ, ಆದರೆ ಗುರುತು ಟಿಎನ್-43 ನೋಂದಣಿ. ಗೂಡಲೂರಿನಲ್ಲೇ ಮನೆಯಿದ್ದು ಕರ್ನಾಟಕದ ನೋಂದಣಿಯ ಕಾರು ಇಟ್ಟುಕೊಂಡವರು ತಾವು ಈ ಊರಿನವರೇ ಎಂದು ದಾಖಲೆ ತೋರಿಸಬೇಕಾಯಿತು.

ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿ ಕೆಕ್ಕನಹಳ್ಳದ ಚೆಕ್‌ಪೋಸ್ಟಿಗೆ ಬರುವವರಿಗೆ ಇನ್ನೊಂದು ಬಗೆಯ ಗೇಟೂ ಚೆನ್ನಾಗಿ ಗೊತ್ತು. 2009ರಿಂದ ಬಂಡೀಪುರ ಕಾಡಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ತುರ್ತು ವಾಹನ, ಕೆಲವು ಬಸ್ಸು ಬಿಟ್ಟರೆ ಎಲ್ಲರಿಗೂ ಒಂದೇ ನಿಯಮ. ಅದಕ್ಕೆ ಯಾರ ಫೋನ್ ನಂಬರೂ ಬೇಕಿಲ್ಲ, ಗಡಿಯಾರ ಸಾಕು. ಆನೆಗೆ ಇದರಿಂದ ಆಗಿರುವ ಉಪಕಾರ ಸಣ್ಣದಲ್ಲ.

ಸಂಗ್ರಹವಾದ ಮಾಹಿತಿ ಭದ್ರವೇ ಎಂಬ ಪ್ರಶ್ನೆ ಬರಿಯ ಅನುಮಾನದಿಂದ ಹುಟ್ಟಿದ್ದಲ್ಲ. ಇ-ಪಾಸ್ ಶುರುವಾದ 2024ರ ಮೇ ತಿಂಗಳಲ್ಲೇ ತಮಿಳುನಾಡು ಪೊಲೀಸರ ಮುಖ ಗುರುತಿಸುವ ಪೋರ್ಟಲ್‌ಗೆ ಯಾರೋ ನುಗ್ಗಿದ್ದರು. ಪಾಸ್‌ವರ್ಡ್ ಕೈತಪ್ಪಿತ್ತೆಂದು ಪೊಲೀಸ್ ಇಲಾಖೆಯೇ ಹೇಳಿಕೆ ಕೊಟ್ಟಿತು. ಕೋಟೆ ಕಟ್ಟಿ, ಬೀಗದ ಕೈ ಚಾವಡಿಯಲ್ಲಿ ನೇತುಹಾಕಿದಂತೆ.

ಕಾನೂನು ಏನನ್ನುತ್ತದೆ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ತೀರ್ಪಿತ್ತದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಆ ಹಕ್ಕನ್ನು ಮೊಟಕುಮಾಡುವ ಕ್ರಮ ಕಾನೂನಿನ ಆಧಾರ ಹೊಂದಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಎಂಬ ಅಳತೆಗೋಲು ಅಲ್ಲಿಂದ ಬಂತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬೇರೆಯವರಿಗೆ ಒಪ್ಪಿಗೆಯ ನಿಯಮ ಹಾಕಿದರೂ, ಪರವಾನಗಿ, ಪ್ರಮಾಣಪತ್ರ ಕೊಡುವ ಸರ್ಕಾರಕ್ಕೆ ಕೆಲವು ಷರತ್ತಿನ ಮೇಲೆ ಆ ಒಪ್ಪಿಗೆಯಿಂದ ಬಿಡುವು ಕೊಡುತ್ತದೆ. ಇದರ ನಿಯಮಾವಳಿ ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು ಮತ್ತೆ 18 ತಿಂಗಳು. ಅಂದರೆ ನೀಲಗಿರಿಯ ಪಾಸ್ ಎರಡು ಸೀಸನ್ ಮುಗಿಸಿದ ಮೇಲೂ ಅದನ್ನು ಕಾಯುವ ಕಾಯ್ದೆ ದಾರಿಯಲ್ಲೇ ಇತ್ತು.

ಸರ್ಕಾರಿ ಬಸ್ಸಿಗೂ ರೈಲಿಗೂ 2025ರ ಮಿತಿ ಅನ್ವಯಿಸಲಿಲ್ಲ. ಮೈಸೂರಿನಲ್ಲಿ ಕೆಂಪು ಬಸ್ಸು ಹತ್ತಿ ಬರುವ ಸಂಸಾರ ಕೆಕ್ಕನಹಳ್ಳದಲ್ಲಿ ಯಾರಿಗೂ ನಂಬರು ಕೊಡದೆ ಊಟಿ ತಲುಪುತ್ತದೆ.