ರೂಹ್ ಪರ್ವರ್ ಆಗಾ: ಕಲಬುರಗಿ ಅರಮನೆಯ ಐದು ವಾರಗಳು

ಕಮಲಾಪುರದಿಂದ ಕಲಬುರಗಿಗೆ ಬಸ್ಸಿನಲ್ಲಿ ಓಡಾಡುತ್ತಲೇ ನನ್ನ ಸಂಶೋಧನೆಯ ಮೂರನೇ ವರ್ಷ ಮುಗಿಯುತ್ತಿದೆ. ಬಹಮನಿ ಅರಮನೆಯ ಹೆಂಗಸರು ನನ್ನ ವಿಷಯ. ಓದಿ ಓದಿ ತಲೆ ಭಾರವಾದ ದಿನ ಹಫ್ತ್ ಗುಂಬಜ್‌ಗೆ ಹೋಗಿ ಕೂರುತ್ತೇನೆ. ಊರಿನ ಪೂರ್ವಕ್ಕಿರುವ ಈ ಗೋರಿಗಳ ಸಮೂಹದಲ್ಲಿ ಮುಜಾಹಿದ್ ಷಾನ ಗುಮ್ಮಟವಿದೆ. ಅವನನ್ನು ಕೊಂದು ಸಿಂಹಾಸನ ಏರಿದ ದಾವೂದ್ ಷಾನ ಗುಮ್ಮಟವೂ ಅದೇ ಆವರಣದಲ್ಲಿದೆ. ಇವರಿಬ್ಬರ ಲೆಕ್ಕ ಚುಕ್ತಾ ಮಾಡಿದ ಹೆಣ್ಣಿನ ಹೆಸರು ಮಾತ್ರ ಅಲ್ಲಿನ ಯಾವ ಗುಮ್ಮಟಕ್ಕೂ ಇಲ್ಲ. ಅವಳು ರೂಹ್ ಪರ್ವರ್ ಆಗಾ, ಮುಜಾಹಿದನ ಅಕ್ಕನೋ ತಂಗಿಯೋ, ಅಂತೂ ಒಡಹುಟ್ಟಿದವಳು.

1347ರಲ್ಲಿ ಹಸನ್ ಬಹಮನ್ ಷಾ ದೆಹಲಿಯ ಹಿಡಿತದಿಂದ ಬಿಡಿಸಿಕೊಂಡು ಹೊಸ ರಾಜ್ಯ ಕಟ್ಟಿ, ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ. ಅವನ ನಂತರ ಮಗ ಒಂದನೇ ಮಹಮ್ಮದ್ ಷಾ, 1375ರಲ್ಲಿ ಮೊಮ್ಮಗ ಮುಜಾಹಿದ್ ಪಟ್ಟಕ್ಕೆ ಬಂದರು. ಮುಜಾಹಿದ್ ಭಾರೀ ಮೈಕಟ್ಟಿನವನು, ಮುಂಗೋಪಿ. ವಿಜಯನಗರದ ಮೇಲೆ ದಂಡೆತ್ತಿ ಹೋದಾಗ, ಕಾವಲಿಗೆ ನಿಲ್ಲಿಸಿದ್ದ ಜಾಗ ಬಿಟ್ಟು ಬಂದನೆಂದು ದಾವೂದನನ್ನು ಎಲ್ಲರೆದುರು ಬೈದ. ದಾವೂದ್ ಅದನ್ನು ಮರೆಯಲಿಲ್ಲ. 1378ರ ಏಪ್ರಿಲ್‌ನಲ್ಲಿ ಸೈನ್ಯ ಮರಳಿ ಬರುವಾಗ, ರಾತ್ರಿ ಡೇರೆಯೊಳಗೆ ಮುಜಾಹಿದ್ ಕೊಲೆಯಾದ. ಫೆರಿಸ್ತಾನ ಪ್ರಕಾರ ದಾವೂದ್ ಅವನ ಕಾಕಾ.

ಕಲಬುರಗಿಯ ದೊಡ್ಡವರೆಲ್ಲ ಕೂಡಿ ಲೆಕ್ಕ ಹಾಕಿದರು. ಹಿರಿಯ ಮಂತ್ರಿ ಸೈಫುದ್ದೀನ್ ಘೋರಿ ಸತ್ತವನ ತಾಯಿಯ ತಂದೆ. ಆದರೂ ಅಂತಃಕಲಹ ಬೇಡವೆಂದು ಅವನು ದಾವೂದನನ್ನು ಒಪ್ಪಿಕೊಂಡ. ಒಪ್ಪದೆ ಉಳಿದವಳು ರೂಹ್ ಪರ್ವರ್. ಮುಜಾಹಿದನಿಗೆ ಬೇಕಾದವನಾಗಿದ್ದ ಒಬ್ಬ ಯುವಕನನ್ನು ಅವಳು ಒಲಿಸಿಕೊಂಡಳು. ಮೇ ತಿಂಗಳ ಒಂದು ಶುಕ್ರವಾರ, ಮಸೀದಿಯಲ್ಲಿ ದಾವೂದ್ ಸಜ್ದಾಕ್ಕೆ ಬಾಗಿದಾಗ ಆ ಯುವಕ ಕತ್ತಿ ಬೀಸಿದ. ಅಲ್ಲೇ ಇದ್ದ ಖಾನ್ ಮಹಮ್ಮದ್ ಎಂಬ ಸರದಾರ ಅವನನ್ನು ತಕ್ಷಣವೇ ಕೊಂದ. ದಾವೂದ್ ಆಳಿದ್ದು ಬರೀ ಐದು ವಾರ.

ಖಾನ್ ಮಹಮ್ಮದ್‌ಗೆ ದಾವೂದನ ಮಗ ಸಂಜರನನ್ನು ಪಟ್ಟಕ್ಕೆ ಕೂರಿಸುವ ಆಸೆ. ಹುಡುಗನಿಗೆ ಒಂಬತ್ತು ವರ್ಷ. ಆದರೆ ಸಂಜರ್ ಇದ್ದದ್ದು ಅರಮನೆಯೊಳಗೆ, ರೂಹ್ ಪರ್ವರಳ ಸುಪರ್ದಿಯಲ್ಲಿ. ಕೊಲೆಗಾರನ ಮಗ ರಾಜನಾಗಕೂಡದು ಎಂದು ಅವಳು ಪಟ್ಟು ಹಿಡಿದಳು. ಹುಡುಗನ ಕಣ್ಣು ಕೀಳಿಸಿದಳು. ಕುರುಡನಿಗೆ ಸಿಂಹಾಸನವಿಲ್ಲ, ಅಲ್ಲಿಗೆ ಆ ಮಾತು ಮುಗಿಯಿತು. ಅವಳ ಇಷ್ಟದಂತೆ ಎರಡನೇ ಮಹಮ್ಮದ್ ಷಾ ಪಟ್ಟವೇರಿದ.

ನನ್ನ ಅಧ್ಯಾಯದ ಮೊದಲ ಕರಡಿನಲ್ಲಿ ಇದೆಲ್ಲ ಒಂದು ವೀರಗಾಥೆಯ ಹಾಗಿತ್ತು. ಗಂಡಸರೆಲ್ಲ ಸುಮ್ಮನಾದಾಗ ಒಬ್ಬಳೇ ನ್ಯಾಯ ಕೇಳಿದಳು ಎಂದು ಬರೆದಿದ್ದೆ. ಸಂಜರನ ವಿಷಯವನ್ನು ಅಡಿಟಿಪ್ಪಣಿಗೆ ತಳ್ಳಿದ್ದೆ. ಒಂದು ರಾತ್ರಿ ಊಟದ ಹೊತ್ತಿಗೆ ಅವ್ವನಿಗೆ ಕಥೆ ಹೇಳಿದೆ. ಮಸೀದಿಯ ಕೊಲೆಯ ತನಕ ಆಸಕ್ತಿಯಿಂದ ಕೇಳಿದ ಅವ್ವ, ಕಣ್ಣಿನ ಮಾತು ಬಂದಾಗ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, 'ಆ ಕೂಸು ಏನ್ ಮಾಡಿತ್ತು ಪಾಪ?' ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನ ಆ ಅಡಿಟಿಪ್ಪಣಿಯನ್ನು ಮೇಲಕ್ಕೆ ತಂದೆ. ಅಧ್ಯಾಯದ ದಿಕ್ಕೇ ಬದಲಾಯಿತು.

ಅರಮನೆಯ ಹೆಣ್ಣಿಗೆ ಅಧಿಕಾರ ಎಲ್ಲಿಂದ ಬರುತ್ತಿತ್ತು ಎಂದು ಕೇಳಿಕೊಂಡರೆ ಬಹಳ ಸಲ ಉತ್ತರ ಒಂದೇ: ಮಗುವಿನಿಂದ. ಫ್ರಾನ್ಸಿನಲ್ಲಿ 1560ರಲ್ಲಿ ಒಂಬತ್ತನೇ ಚಾರ್ಲ್ಸ್ ಹತ್ತು ವರ್ಷದವನಿದ್ದಾಗಲೇ ದೊರೆಯಾದ. ಅವನ ಹೆಸರಿನಲ್ಲಿ ತಾಯಿ ಕ್ಯಾಥರೀನ್ ದ ಮೆಡಿಚಿ ರಾಜ್ಯ ನಡೆಸಿದಳು. ಅದಕ್ಕೂ ನೂರು ವರ್ಷ ಮೊದಲು, 1461ರಲ್ಲಿ, ನಮ್ಮ ಬೀದರಿನಲ್ಲಿ ಮಖ್ದೂಮಾ ಜಹಾನ್ ನರ್ಗಿಸ್ ಬೇಗಂ ಎಳೆಯ ಮಗನ ಪರವಾಗಿ, ಮಹಮೂದ್ ಗವಾನನಂಥವರನ್ನು ಜೊತೆಗಿಟ್ಟುಕೊಂಡು ಅದೇ ಕೆಲಸ ಮಾಡಿದಳು. ತಾಯಿಗೆ ಹೀಗೆ ಒಂದು ಜಾಗವಿತ್ತು. ಒಡಹುಟ್ಟಿದವಳಿಗೆ ಅಂಥ ಜಾಗವಿರಲಿಲ್ಲ. ರೂಹ್ ಪರ್ವರಳ ಕೈಯಲ್ಲೂ ಒಂದು ಮಗುವಿತ್ತು, ಆದರೆ ಅದು ಶತ್ರುವಿನ ಮಗು. ಅದು ದೊರೆಯಾದರೆ ನಾಳೆ ಅಪ್ಪನ ಕೊಲೆಯ ಲೆಕ್ಕ ಕೇಳುತ್ತಿತ್ತು. ಅವಳ ಬಲವಿದ್ದದ್ದು ಆ ಹುಡುಗ ಅವಳ ವಶದಲ್ಲಿದ್ದ ಎಂಬುದರಲ್ಲಿ. ಬೆಲೆ ತೆತ್ತವನೂ ಅವನೇ.

ಇನ್ನೊಂದು ಕಡೆ ನೋಡಿದರೆ, ಅವಳ ಆಯ್ಕೆಯಿಂದ ಬಂದದ್ದು ಬಹಮನಿ ಚರಿತ್ರೆಯ ಅತ್ಯಂತ ಶಾಂತ ಕಾಲ. 1378ರಿಂದ 1397ರವರೆಗೆ ಆಳಿದ ಎರಡನೇ ಮಹಮ್ಮದ್ ಯುದ್ಧಕ್ಕಿಂತ ಓದನ್ನು ಪ್ರೀತಿಸಿದ. ಪರ್ಷಿಯಾದ ಕವಿ ಹಾಫಿಜನನ್ನು ಕಲಬುರಗಿಗೆ ಕರೆಸಲು ಯತ್ನಿಸಿದ. ಕವಿ ಹಡಗು ಹತ್ತಿ, ಬಿರುಗಾಳಿಗೆ ಹೆದರಿ ಇಳಿದುಬಿಟ್ಟನಂತೆ. ಬರ ಬಿದ್ದಾಗ ಹತ್ತು ಸಾವಿರ ಎತ್ತುಗಳನ್ನು ಕಟ್ಟಿಸಿ ಮಾಳವ, ಗುಜರಾತಿನಿಂದ ಧಾನ್ಯ ತರಿಸಿದನೆಂದೂ, ಕಲಬುರಗಿ, ಬೀದರ್ ಮೊದಲಾದ ಊರುಗಳಲ್ಲಿ ಅನಾಥ ಮಕ್ಕಳಿಗೆ ಶಾಲೆ ತೆರೆದನೆಂದೂ ಫೆರಿಸ್ತಾ ಬರೆಯುತ್ತಾನೆ. ಆ ಅನಾಥ ಮಕ್ಕಳ ಮಾತು ಓದುವಾಗ ನನಗೆ ಸಂಜರನೇ ನೆನಪಾಗುತ್ತಾನೆ.

ಫೆರಿಸ್ತಾನನ್ನು ಪೂರ್ತಿ ನಂಬುವ ಹಾಗೂ ಇಲ್ಲ. ಅವನು ಬಿಜಾಪುರದಲ್ಲಿ ಕೂತು ಬರೆದದ್ದು ಈ ಘಟನೆ ನಡೆದು ಇನ್ನೂರು ವರ್ಷಗಳ ಮೇಲೆ. ಹೊಸ ದೊರೆಯ ಹೆಸರನ್ನೇ ಅವನು ಮಹಮೂದ್ ಎಂದು ತಪ್ಪಾಗಿ ಬರೆದ. ಮಹಮ್ಮದ್ ಎಂದು ತೋರಿಸಿಕೊಟ್ಟದ್ದು ನಾಣ್ಯಗಳು. ಈ ದೊರೆ ಹಸನನ ಮಗ ಎಂದು ಅವನು ಹೇಳಿದರೆ, ಅಹಮದ್‌ನಗರದ ತಬಾತಬಾ ಮೊಮ್ಮಗ ಎನ್ನುತ್ತಾನೆ. ಗಂಡಸರ ಸುದ್ದಿಯನ್ನು ನಾಣ್ಯ, ಶಾಸನಗಳಿಟ್ಟು ಹೀಗೆ ತಾಳೆ ನೋಡಬಹುದು. ರೂಹ್ ಪರ್ವರಳ ಹೆಸರಿನಲ್ಲಿ ಯಾರೂ ನಾಣ್ಯ ಟಂಕಿಸಲಿಲ್ಲ. ಹಾಗಾಗಿ ಅವಳ ವಿಷಯದಲ್ಲಿ ಫೆರಿಸ್ತಾ ಹೇಳಿದ್ದನ್ನು 'ಫೆರಿಸ್ತಾ ಹೇಳುತ್ತಾನೆ' ಎಂದೇ ಬರೆಯುತ್ತೇನೆ.

1397ರಲ್ಲಿ ಕಥೆ ಮರುಕಳಿಸಿತು. ಎರಡನೇ ಮಹಮ್ಮದನ ಮಗ ಘಿಯಾಸುದ್ದೀನನ ಕಣ್ಣು ಕೀಳಿಸಿ, ಈಗಿನ ಯಾದಗಿರಿ ಜಿಲ್ಲೆಯ ಸಗರದ ಕೋಟೆಗೆ ಕಳಿಸಿದರು. ಅವನ ಸಹೋದರಿಯರು ತಮ್ಮ ಗಂಡಂದಿರಾದ ಫಿರೋಜ್ ಮತ್ತು ಅಹಮದರನ್ನು ಸೇಡಿಗೆ ಎಬ್ಬಿಸಿದರು. ಆ ದಂಗೆಯಿಂದಲೇ ಫಿರೋಜ್ ಷಾ ದೊರೆಯಾದ. ಆ ಸಹೋದರಿಯರು ಬೆಳೆದದ್ದು ರೂಹ್ ಪರ್ವರ್ ಪಟ್ಟು ಹಿಡಿದು ನಿಂತಿದ್ದ ಅದೇ ಅರಮನೆಯಲ್ಲಿ.

ರೂಹ್ ಪರ್ವರ್ ಎಂದರೆ ಪಾರಸಿಯಲ್ಲಿ ಜೀವವನ್ನು ಪೋಷಿಸುವವಳು ಎಂದರ್ಥ. ಹಫ್ತ್ ಗುಂಬಜ್‌ನ ಒಂದು ಗೋರಿಯನ್ನು ಸಂಜರನದೆಂದು ಹೇಳುತ್ತಾರೆ. ಕಳೆದ ವಾರ ಕಮಲಾಪುರದ ಸಂಜೆ ಬಸ್ಸಿಗೆ ಇನ್ನೂ ಹೊತ್ತಿತ್ತು, ಅಲ್ಲಿಗೆ ಹೋಗಿ ಕೂತಿದ್ದೆ. ಅಧ್ಯಾಯ ಈಗ ಅವನಿಂದ ಶುರುವಾಗುತ್ತದೆ. ರೂಹ್ ಪರ್ವರ್ ಎರಡನೇ ಪುಟದಲ್ಲಿ ಬರುತ್ತಾಳೆ, ಅವನ ಕೈ ಹಿಡಿದುಕೊಂಡು.